ಬ್ರೇಕ್ ಇಲ್ಲದ ಎಡಗಡೆ ಸೀಟು

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ ತಂಗಿಯ ಮಗಳು ಫೋನಿಗೆ ಒಂದು ವಿಡಿಯೊ ಕಳಿಸಿದಳು. ‘ದೊಡ್ಡಮ್ಮ, ಇದು ನೀನೇ ತಾನೆ? ಸಖತ್ತಾಗಿದೀಯ’ ಎಂದು ಕೆಳಗೆ ಬರೆದಿದ್ದಳು. ವಿಡಿಯೊ ಅರ್ಧ ನಿಮಿಷವೂ ಇಲ್ಲ. ಮಾವಿನಕಾಯಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತಿರುವ ಒಂದು ಕಾರು. ಅದರ ಎಡಗಡೆಯ ಬಾಗಿಲು ಮೆಲ್ಲಗೆ ಆಕಾಶದ ಕಡೆ ಏಳುತ್ತದೆ. ಸುತ್ತ ನಿಂತವರು ಹೋ ಎಂದು ಕೂಗಿ ಚಪ್ಪಾಳೆ ತಟ್ಟುತ್ತಾರೆ. ಒಳಗಿನಿಂದ ಕಾಟನ್ ಸೀರೆಯುಟ್ಟ, ತಲೆ ನರೆತ ಹೆಂಗಸೊಬ್ಬಳು ಮೇಲೇಳಲು ಒದ್ದಾಡುತ್ತಾ, ಕೈ ಬೀಸಿ ಏನೋ ಹೇಳುತ್ತಾಳೆ. ಯಾರೋ ಪುಣ್ಯಾತ್ಮರು ಹಿನ್ನೆಲೆಗೆ ಡೋಲಿನ ಸದ್ದು ಸೇರಿಸಿರುವುದರಿಂದ ಅವಳ ಮಾತು ಕೇಳಿಸುವುದಿಲ್ಲ.

ಆ ಹೆಂಗಸು ನಾನೇ. ನಾನು ಹೇಳುತ್ತಿದ್ದದ್ದು, ‘ಯಾರಾದ್ರೂ ಸಕ್ಕರೆ ಕೊಡ್ರಪ್ಪ’ ಎಂದು.

ಇದನ್ನು ನಿಮಗೆ ಮೊದಲಿನಿಂದ ಹೇಳಬೇಕು. ಜಯನಗರದಲ್ಲಿ ನಾನು ಮೂವತ್ತು ವರ್ಷ ಕಾರು ಓಡಿಸುವುದನ್ನು ಕಲಿಸಿದವಳು. ನನ್ನದು ಚಿಕ್ಕ ಕಾರು, ತಲೆಯ ಮೇಲೆ ಕೆಂಪು ‘ಎಲ್’ ಬೋರ್ಡು. ಕಲಿಯುವವರು ಬಲಗಡೆ ಕೂತರೆ, ನಾನು ಎಡಗಡೆ. ನನ್ನ ಕಾಲ ಕೆಳಗೂ ಒಂದು ಬ್ರೇಕು ಇರುತ್ತಿತ್ತು. ರಿಟೈರಾದ ಎಂಜಿನಿಯರುಗಳು, ಮೊದಲ ಸಂಬಳ ಬಂದ ಹುಡುಗಿಯರು, ಗಂಡನ ಹತ್ತಿರ ಬೈಸಿಕೊಂಡು ಹಠಕ್ಕೆ ಬಂದು ಸೇರಿದ ಗೃಹಿಣಿಯರು, ಎಲ್ಲರ ಭಯವನ್ನೂ ನಾನು ಆ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ನೋಡಿದ್ದೇನೆ. ಧೈರ್ಯವಂತೆ ಎಂದು ಹೆಸರು ಬಂತು. ಆ ಧೈರ್ಯವೆಲ್ಲ ಒಂದು ಪೆಡಲಿನದ್ದು ಎಂದು ಯಾರಿಗೂ ಹೇಳಲಿಲ್ಲ, ಅಷ್ಟೆ.

ಕಲಿಸುವಾಗ ನನಗೊಂದು ಬೇರೆ ದನಿ ಬರುತ್ತಿತ್ತು. ಕೂಗುವುದಲ್ಲ. ಗಟ್ಟಿಯಾಗಿ, ಒಂದೊಂದೇ ಪದ. ‘ಬ್ರೇಕ್.’ ‘ನ್ಯೂಟ್ರಲ್.’ ‘ಕನ್ನಡಿ ನೋಡಿ.’ ನಮ್ಮೆಜಮಾನರು ಬದುಕಿದ್ದಾಗ ಹೇಳುತ್ತಿದ್ದರು: ‘ಊಟಕ್ಕೂ ಅದೇ ದನೀಲಿ ಕರೀತೀಯಲ್ಲ, ತಟ್ಟೆ ಮುಂದೆ ಕೂತ್ರೆ ಸೀಟ್ ಬೆಲ್ಟ್ ಹಾಕ್ಕೋಬೇಕು ಅನ್ಸತ್ತೆ.’

ಮುನಿರಾಜು ಆ ದನಿಯ ಕೆಳಗೆ ಕಲಿತವರಲ್ಲಿ ಒಬ್ಬರು. ಸಾರಕ್ಕಿಯ ಹಳೇ ಊರಿನವರು. ಕೆರೆಯ ಹತ್ತಿರ ಅವರ ಅಪ್ಪ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ನನ್ನ ಹತ್ತಿರ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಬಂದ ಮೊದಲ ದಿನವೇ ಕೇಳಿದರು, ‘ಮೇಡಂ, ಇದರಲ್ಲಿ ಎಷ್ಟು ಸ್ಪೀಡ್ ಹೋಗ್ಬೋದು?’ ನಾನು, ‘ಮೊದಲು ನಿಲ್ಲಿಸೋದು ಕಲೀರಿ’ ಎಂದೆ. ಆ ಮಾತನ್ನು ಅವರು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಹದಿನೈದು ವರ್ಷ ಕಳೆದರೂ ಪ್ರತಿ ಆಯುಧಪೂಜೆಗೆ ನನ್ನ ಮನೆಗೆ ಒಂದು ಬೂದುಗುಂಬಳಕಾಯಿ ಬರುತ್ತಿತ್ತು.

ಹೋದ ವರ್ಷ ಅವರು ಇಟಲಿಯ ಒಂದು ಕಾರು ಕೊಂಡರು. ಯಾರೋ ಸ್ವಲ್ಪ ದಿನ ಓಡಿಸಿ ಬಿಟ್ಟದ್ದು. ಹುಡುಗನಾಗಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದ ಕ್ಯಾಲೆಂಡರಿನ ಚಿತ್ರವೇ ಅಂತೆ, ಬಣ್ಣ ಮಾತ್ರ ಬೇರೆ. ಅದಾದ ಮೇಲೆ ಇಂಥ ಕಾರಿರುವವರೆಲ್ಲ ಒಂದು ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಮೈದಾನವೊಂದರಲ್ಲಿ ಸೇರಿ, ಅಲ್ಲಿಂದ ಸಾಲಾಗಿ ಕನಕಪುರ ರಸ್ತೆಯಲ್ಲಿ ಹೊರಡುತ್ತಾರೆ ಎಂಬ ಸುದ್ದಿ ಅವರಿಗೆ ತಲುಪಿತು. ಹಿಂದಿನ ದಿನ ಅವರ ಹೆಂಡತಿ ಜಯಮ್ಮನವರು ನನಗೆ ಫೋನು ಮಾಡಿದರು.

‘ಮೇಡಂ, ನೀವು ಪಕ್ಕದಲ್ಲಿ ಕೂತ್ಕಂಡ್ರೆ ಮಾತ್ರ ನಾನು ಕಳ್ಸೋದು. ಇಲ್ಲಾಂದ್ರೆ ಬೀಗದ ಕೈ ಕೊಡಲ್ಲ ಅಂದಿದೀನಿ. ಅವ್ರಿಗೆ ಸಕ್ಕರೆ ಕಾಯಿಲೆ, ಗೊತ್ತಲ್ಲ. ಬೆಳಿಗ್ಗೆ ಇನ್ಸುಲಿನ್ ಚುಚ್ಕತಾರೆ. ಚುಚ್ಕಂಡ ಮೇಲೆ ಟೈಮ್‌ಗೆ ತಿನ್ಲೇಬೇಕು. ನೀವು ಹೇಳಿದ್ರೆ ಕೇಳ್ತಾರೆ.’

ನಾನು ‘ಆಯ್ತಮ್ಮ, ನಾನು ನೋಡ್ಕೋತೀನಿ’ ಎಂದೆ. ಈ ಮೂರು ಪದಗಳನ್ನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಆ ಕಾರಿನೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಮೊದಲು ಸೊಂಟ, ಆಮೇಲೆ ತಲೆ, ಕೊನೆಗೆ ಕಾಲು. ಕೂತ ಕೂಡಲೇ ನನ್ನ ಪಾದ ಅಭ್ಯಾಸಬಲದಿಂದ ಮುಂದೆ ಚಾಚಿತು. ಅಲ್ಲಿ ಮೆತ್ತನೆಯ ಕಾರ್ಪೆಟ್ಟು, ಬೇರೇನಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಶಿಷ್ಯರೊಬ್ಬರ ಪಕ್ಕ ಬ್ರೇಕಿಲ್ಲದೆ ಕೂತಿದ್ದೆ. ಅದಕ್ಕೇ ದಾರಿಯುದ್ದಕ್ಕೂ ಹೊಸ ಶಿಷ್ಯಳ ಹಾಗೆ ಕೇಳುತ್ತಾ ಹೋದೆ. ಇದೇನು, ಅದೇನು, ಎಂಜಿನ್ ಹೇಗೆ ನಿಲ್ಲಿಸುತ್ತೀರಿ? ಇಬ್ಬರ ಸೀಟಿನ ನಡುವೆ ಇದ್ದ ಒಂದು ಗುಂಡಿಯನ್ನು ತೋರಿಸಿ, ‘ಇದನ್ನ ಒತ್ತಿದ್ರೆ ಆಯ್ತು ಮೇಡಂ. ಇನ್ನು ನನಗೇ ಪಾಠ ಮಾಡ್ಬೇಡಿ’ ಎಂದು ನಕ್ಕರು.

ಮೈದಾನ ತಲುಪಿದಾಗ ಏಳು ಗಂಟೆ. ನಿಜ ಹೇಳುತ್ತೇನೆ, ನನಗೆ ಆ ಕಾರುಗಳು ಇಷ್ಟವಾದವು. ಇಷ್ಟವಾಗಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಕೆಂಪು, ಬಿಳಿ, ಹಳದಿ, ಒಂದಂತೂ ಕಾಡಿಗೆ ಕಪ್ಪು. ಬೆಳಗಿನ ಬಿಸಿಲು ಅವುಗಳ ಬೆನ್ನ ಮೇಲೆ ಜಾರುತ್ತಿತ್ತು. ಯಾರೋ ಒಬ್ಬರು ಎಂಜಿನ್ ಗುಡುಗಿಸಿದರೆ, ಉಳಿದವರು ಉತ್ತರ ಕೊಡುವ ಹಾಗೆ ತಮ್ಮದನ್ನೂ ಗುಡುಗಿಸುತ್ತಿದ್ದರು. ಎದೆಯ ಎಲುಬು ನಡುಗುತ್ತಿತ್ತು. ಬೇಲಿಯ ಆಚೆ ನೂರಾರು ಜನ ಫೋನು ಎತ್ತಿಕೊಂಡು ನಿಂತಿದ್ದರು. ನಾನೂ ಒಂದೊಂದು ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಕಪ್ಪು ಕಾರಿನ ಒಡತಿ ಒಬ್ಬಳು ಹುಡುಗಿ. ‘ಆಂಟಿ, ಒಳಗೆ ಕೂತ್ಕೊಳಿ’ ಎಂದಳು. ಕೂತೆ.

ಹೀಗೆ ಒಂದು ಗಂಟೆ ಹೋಯಿತು.

ಮುನಿರಾಜುವಿನ ಸುತ್ತ ಸದಾ ಹತ್ತು ಜನ. ಪಂಚೆ ಉಟ್ಟು ಅಂಥ ಕಾರಿನಿಂದ ಇಳಿದವರು ಅವರೊಬ್ಬರೇ. ಎಲ್ಲರಿಗೂ ಅವರ ಜೊತೆ ಫೋಟೊ ಬೇಕಿತ್ತು. ನಾನು ದೂರದಿಂದಲೇ ‘ತಿಂಡಿ ಆಯ್ತಾ?’ ಎಂದು ಸನ್ನೆ ಮಾಡಿದೆ. ಕೈಯಲ್ಲಿದ್ದ ಖಾಲಿ ತಟ್ಟೆ ಎತ್ತಿ ತೋರಿಸಿದರು. ಅದು ಇಡ್ಲಿ ತಿಂದು ಖಾಲಿಯಾದ ತಟ್ಟೆಯಲ್ಲ, ಇಡ್ಲಿ ಹಾಕಿಸಿಕೊಳ್ಳಲು ಹಿಡಿದು ಮರೆತ ತಟ್ಟೆ. ಹತ್ತಿರ ಹೋಗಿದ್ದರೆ ಗೊತ್ತಾಗುತ್ತಿತ್ತು. ಹೋಗಲಿಲ್ಲ.

ಎಂಟು ದಾಟಿದ ಮೇಲೆ ಹೊರಡುವ ಸೂಚನೆ ಬಂತು. ಕಾರುಗಳು ಗೇಟಿನ ಕಡೆ ಸಾಲಾಗಿ ನಿಂತವು. ನಾವು ಐದನೆಯವರು. ಜನ ಬೇಲಿ ದಾಟಿ ಒಳಗೆ ಬಂದು ಎರಡೂ ಕಡೆ ಒತ್ತಿ ನಿಂತಿದ್ದರು. ಕೆಲವರು ಕಾರಿಗೂ ಕಾರಿಗೂ ನಡುವೆ ನುಗ್ಗಿ ಚಿತ್ರ ತೆಗೆಯುತ್ತಿದ್ದರು. ಎಂಜಿನ್ ಓಡುತ್ತಿತ್ತು. ಮುನಿರಾಜುವಿನ ಕಾಲು ಬ್ರೇಕಿನ ಮೇಲಿತ್ತು. ಅದನ್ನು ನಾನು ನೋಡಿಯೇ ಕೂತಿದ್ದೆ.

ಮೊದಲು ಕಂಡದ್ದು ಬೆವರು. ಒಳಗೆ ಎ.ಸಿ. ಚಳಿ ಹುಟ್ಟಿಸುವಷ್ಟಿತ್ತು, ಅವರ ಕಿವಿಯ ಹಿಂದೆ ನೀರು ಇಳಿಯುತ್ತಿತ್ತು. ಹೊಸ ಗಾಡಿ, ಇಷ್ಟು ಜನ, ಹೆದರಿಕೆ ಇರಬೇಕು ಎಂದುಕೊಂಡೆ. ಹೆದರಿದವರ ಬೆವರನ್ನು ಜೀವನವಿಡೀ ನೋಡಿದವಳು ನಾನು, ನನಗೆ ಅದೇ ತೋಚಿತು.

‘ಮುನಿರಾಜು, ಚೆನ್ನಾಗಿದೀರಾ?’

‘ಹೂಂ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಕ್ಕಾ, ನೀರು ಬಿಟ್ಟಿದಾರಾ?’ ಎಂದರು.

‘ಏನಂದ್ರಿ?’

‘ತ್ವಾಟಕ್ಕೆ.’

ಅವರು ನನ್ನನ್ನು ಒಂದು ದಿನವೂ ಅಕ್ಕ ಎಂದವರಲ್ಲ. ತೋಟ ಹೋಗಿ ಎಷ್ಟೋ ವರ್ಷವಾಗಿತ್ತು. ಸ್ಟೀರಿಂಗಿನ ಮೇಲಿದ್ದ ಕೈ ನೋಡಿದೆ. ಬೆರಳುಗಳು ತಂತಿ ಮೀಟಿದ ಹಾಗೆ ನಡುಗುತ್ತಿದ್ದವು. ಆಗ ಆ ಖಾಲಿ ತಟ್ಟೆ ನೆನಪಾಯಿತು. ಜಯಮ್ಮನವರ ಮಾತು ನೆನಪಾಯಿತು.

‘ಎಂಜಿನ್ ಆಫ್ ಮಾಡಿ’ ಎಂದೆ, ಮೆಲ್ಲಗೆ.

‘ಯಾಕೆ? ನಮ್ದು ಬಂತು ಲೈನು. ನೀವು ಸುಮ್ನೆ ಕೂತ್ಕಳಿ’ ಎಂದು ಸಿಡುಕಿದರು. ಸಕ್ಕರೆ ಇಳಿದವರಿಗೆ ಹೀಗೆ ಕೋಪ ಬರುತ್ತದೆ ಎಂದು ಆಮೇಲೆ ತಿಳಿಯಿತು. ನಾನು ನಡುವಿನ ಗುಂಡಿಗೆ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಳ್ಳಿದರು. ಆ ತಳ್ಳಾಟದಲ್ಲಿ ಅವರ ಕಾಲು ಪೆಡಲಿನಿಂದ ಜಾರಿತು.

ಇಂಥ ಕಾರು ಬ್ರೇಕಿನಿಂದ ಕಾಲು ತೆಗೆದರೆ ಸಾಕು, ತಾನಾಗಿ ಮುಂದೆ ತೆವಳುತ್ತದೆ. ತೆವಳಿತು. ಎದುರಿಗೆ ಇಬ್ಬರು ಹುಡುಗಿಯರು ನಮ್ಮ ಕಡೆ ಬೆನ್ನು ಹಾಕಿ, ಫೋನು ಎತ್ತರಕ್ಕೆ ಹಿಡಿದು ನಗುತ್ತಿದ್ದರು. ಅವರ ಮೊಣಕಾಲಿಗೂ ಕಾರಿನ ಮೂತಿಗೂ ಎರಡು ಗೇಣು. ಆಮೇಲೆ ಒಂದು ಗೇಣು. ನನ್ನ ಪಾದ ಕಾರ್ಪೆಟ್ಟನ್ನು ಒತ್ತುತ್ತಿತ್ತು. ಶಕ್ತಿಯಿದ್ದಷ್ಟೂ ಒತ್ತುತ್ತಿತ್ತು.

‘ಬ್ರೇಕ್’ ಎಂದೆ.

ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಆ ಹಳೆಯ ದನಿಯಂತೂ ಹೌದು. ಮುನಿರಾಜುವಿನ ಕಣ್ಣು ಎಲ್ಲೋ ಇತ್ತು, ಮನಸ್ಸು ಸೊಪ್ಪಿನ ತೋಟದಲ್ಲಿತ್ತು, ಆದರೆ ಕಾಲು ಕೇಳಿಸಿಕೊಂಡಿತು. ಕಾರು ಗಕ್ಕನೆ ನಿಂತಿತು. ನಾನು ಗುಂಡಿ ಒತ್ತಿದೆ. ಎಂಜಿನ್ ಸತ್ತಿತು. ಆ ಹುಡುಗಿಯರು ತಿರುಗಿಯೂ ನೋಡಲಿಲ್ಲ. ಚಿತ್ರ ಚೆನ್ನಾಗಿ ಬಂದಿತ್ತೇನೋ, ನಗುತ್ತಲೇ ಆಚೆ ಹೋದರು.

ಬಾಗಿಲು ತೆರೆದೆ. ಅದು ಮೇಲಕ್ಕೆ ಎದ್ದಿತು. ಜನಕ್ಕೆ ಅದೊಂದು ಪ್ರದರ್ಶನ. ಹೋ ಎಂದರು. ಆ ವಿಡಿಯೊದಲ್ಲಿ ಇರುವುದು ಇಲ್ಲಿಂದ ಮುಂದಿನದ್ದು. ನಾನು ಸಕ್ಕರೆ ಸಕ್ಕರೆ ಎನ್ನುತ್ತಿದ್ದೆ. ಜನ ಒಂದೊಂದು ಸಲಕ್ಕೂ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ನಿಂತಿರಲಿಲ್ಲ.

ಕೇಸರಿ ಕೋಟು ತೊಟ್ಟು ಸಾಲು ನೋಡಿಕೊಳ್ಳುತ್ತಿದ್ದ ಹುಡುಗಿ ಓಡಿ ಬಂದಳು. ‘ಆಂಟಿ, ಡೋರ್ ಹಾಕಿ. ಲೈನ್ ಮೂವ್ ಆಗ್ತಿದೆ.’

‘ಲೈನ್ ಆಮೇಲಮ್ಮ. ಇವರಿಗೆ ಶುಗರ್ ಇಳಿದಿದೆ. ಸಿಹಿ ಏನಿದೆಯೋ ತಗೊಂಬಾ.’

ಅವಳು ಒಳಗೆ ಬಗ್ಗಿ ಮುನಿರಾಜುವಿನ ಮುಖ ನೋಡಿದಳು. ಮರುಮಾತಾಡದೆ ಓಡಿದಳು. ಕಾಫಿ ಮಾಡುವಲ್ಲಿಂದ ಒಂದು ಲೋಟ ನೀರಿಗೆ ಕೈಗೆ ಸಿಕ್ಕಷ್ಟು ಸಕ್ಕರೆ ಸುರಿದು ತಂದಳು. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಮುನಿರಾಜು ಹಲ್ಲು ಕಚ್ಚಿಕೊಂಡು ಮುಖ ಆಚೆ ತಿರುಗಿಸಿದರು. ಅರ್ಧ ಲೋಟ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತು.

‘ಮುನಿರಾಜು. ಕುಡೀರಿ. ಒಂದು ಗುಟುಕು. ಹಾಂ. ಇನ್ನೊಂದು.’

ಕುಡಿದರು. ಆ ಹುಡುಗಿ ಇನ್ನೊಂದು ಲೋಟ ತಂದಳು, ಅದನ್ನೂ ಕುಡಿದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡು ಕಾಯುತ್ತಾ ಕೂತೆ. ಎಷ್ಟು ಹೊತ್ತೋ. ಹಿಂದಿನ ಕಾರುಗಳನ್ನು ಅವಳು ಪಕ್ಕದಿಂದ ದಾಟಿಸಿದಳು. ಒಂದೊಂದಾಗಿ ಗುಡುಗುತ್ತಾ ಹೋದವು. ಕೊನೆಯದು ಹೋದಾಗ ಮುನಿರಾಜು ನನ್ನ ಕಡೆ ತಿರುಗಿ, ‘ಮೇಡಂ’ ಎಂದರು. ಆ ಪದ ಕೇಳಿ ನನಗೆ ಅಳು ಬಂತು.

‘ಯಾರಾದ್ರೂ ನೋಡಿದ್ರಾ?’

‘ಎಲ್ಲರೂ ನೋಡಿದ್ರು. ಬಾಗಿಲು ನೋಡಿದ್ರು.’

ಕೇಸರಿ ಕೋಟಿನ ಹುಡುಗಿ ಇಡ್ಲಿ ತಂದುಕೊಟ್ಟಳು. ಖಾಲಿಯಾದ ಮೈದಾನದ ಕಟ್ಟೆಯ ಮೇಲೆ ಕೂತು ತಿಂದರು. ಆಸ್ಪತ್ರೆಗೆ ಹೋಗೋಣವೆಂದರೆ ಬೇಡವೆಂದರು. ತಿಂದಾದ ಮೇಲೆ ನೆಲ ನೋಡುತ್ತಾ, ‘ಹೋದ ತಿಂಗಳೂ ಒಂದ್ಸಲ ಹಿಂಗಾಯ್ತು ಮೇಡಂ. ರಿಂಗ್ ರೋಡಲ್ಲಿ. ಒಬ್ನೇ ಇದ್ದೆ. ಹೆಂಗೆ ಸೈಡಿಗಾಕ್ದೆ ಅಂತ್ಲೂ ಗೊತ್ತಿಲ್ಲ. ಮನೇಲಿ ಹೇಳಿಲ್ಲ. ನೀವೂ ಹೇಳ್ಬೇಡಿ. ಹೇಳಿದ್ರೆ ಗಾಡಿ ಮುಟ್ಟೋಕೆ ಬಿಡಲ್ಲ’ ಎಂದರು.

ನಾನು ಬೀಗದ ಕೈ ಇಸಿದುಕೊಂಡೆ.

ಹೌದು, ಆ ಕಾರನ್ನು ಸಾರಕ್ಕಿಯವರೆಗೆ ಓಡಿಸಿದ್ದು ನಾನೇ. ಎರಡೇ ಪೆಡಲು, ಗೇರಿನ ಗೊಡವೆಯಿಲ್ಲ. ಆದರೂ ಬಲಗಾಲಿನ ಹೆಬ್ಬೆರಳು ತಾಗಿದರೆ ಹಾರಿಬಿಡುವ ಪ್ರಾಣಿ. ರಸ್ತೆಯ ಹಂಪು ಬಂದಾಗಲೆಲ್ಲ ಎಡಗಡೆಯಿಂದ ಮುನಿರಾಜು, ‘ಆ ಬಟನ್ ಒತ್ತಿ ಮೇಡಂ, ಮೂತಿ ಮೇಲಕ್ಕೆ ಏಳ್ತದೆ’ ಎನ್ನುತ್ತಿದ್ದರು. ಶಿಷ್ಯನಿಂದ ಪಾಠ ಹೇಳಿಸಿಕೊಂಡು ಆಮೆಯ ಹಾಗೆ ಹೋದೆ. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ.

ಸಾರಕ್ಕಿ ಸಿಗ್ನಲ್ ಕಳೆದು ಅವರ ಮನೆಯ ಬೀದಿಗೆ ಎಡಕ್ಕೆ ತಿರುಗಿಸಿದೆ. ಕನ್ನಡಿ ನೋಡಿದ್ದೆ. ರಸ್ತೆ ಖಾಲಿಯಿತ್ತು.

‘ಮೇಡಂ, ಬ್ರೇಕ್.’

ಒತ್ತಿದೆ. ಎಡಗಡೆ, ನಮ್ಮ ಬಾಗಿಲಿಗೆ ಅಂಗೈಯಷ್ಟು ದೂರದಲ್ಲಿ, ಮುಂದೆ ಹೂವಿನ ಮೂಟೆ ಇಟ್ಟುಕೊಂಡ ಒಂದು ಸ್ಕೂಟರು. ಮಾರ್ಕೆಟ್ಟಿನಿಂದ ಬರುತ್ತಿದ್ದ ಮನುಷ್ಯ. ಎರಡೂ ಕಾಲು ಊರಿ ನಿಂತಿದ್ದ. ಬೈಯುತ್ತಾನೆಂದು ಕಾದೆ. ಅವನು ಕಾರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ‘ಸೂಪರ್ ಗಾಡಿ ಆಂಟಿ’ ಎಂದು ಹೊರಟುಹೋದ.

ಮುನಿರಾಜು ನನ್ನನ್ನೇ ನೋಡುತ್ತಿದ್ದರು. ‘ಕಾಣಿಸ್ಲಿಲ್ವಾ ಮೇಡಂ?’

‘ಕಾಣಿಸ್ತು’ ಎಂದೆ.

ಕಂಡಿರಲಿಲ್ಲ. ಎಲ್ಲಿಂದ ಬಂದ ಎಂದು ಈಗಲೂ ಗೊತ್ತಿಲ್ಲ. ಅದು ಮೊದಲ ಸಲವೂ ಆಗಿರಲಿಲ್ಲ. ಒಂದು ವರ್ಷದಿಂದ ಕಲಿಯುವವರೇ ‘ಮೇಡಂ, ಆಟೋ’, ‘ಮೇಡಂ, ನಾಯಿ’ ಎನ್ನುವುದು ಹೆಚ್ಚಾಗಿತ್ತು. ಹುಷಾರಾದ ವಿದ್ಯಾರ್ಥಿಗಳು ಸಿಗುತ್ತಿದ್ದಾರೆ ಎಂದು ನಾನು ಸಂತೋಷಪಟ್ಟುಕೊಂಡಿದ್ದೆ.

ಜಯಮ್ಮನವರು ಗೇಟಿನಲ್ಲೇ ನಿಂತಿದ್ದರು. ಬಲಗಡೆಯಿಂದ ನಾನು ಇಳಿದದ್ದನ್ನೂ, ಗಂಡನ ಅಂಗಿಯ ಕಲೆಯನ್ನೂ ನೋಡಿದರು. ‘ಏನಾಯ್ತು ಮೇಡಂ?’

ಮುನಿರಾಜು ನನ್ನ ಕಡೆ ನೋಡಿ ಬೇಡವೆಂಬಂತೆ ತಲೆಯನ್ನು ಸ್ವಲ್ಪವೇ ಆಡಿಸಿದರು. ನಾನು ಎಲ್ಲವನ್ನೂ ಹೇಳಿದೆ. ತಟ್ಟೆಯನ್ನು ಹತ್ತಿರ ಹೋಗಿ ನೋಡದ ನನ್ನ ತಪ್ಪನ್ನೂ, ಆ ಇಬ್ಬರು ಹುಡುಗಿಯರನ್ನೂ, ಹೋದ ತಿಂಗಳ ರಿಂಗ್ ರೋಡನ್ನೂ. ಸ್ಕೂಟರನ್ನು ಮಾತ್ರ ಬಿಟ್ಟೆ. ಜಯಮ್ಮನವರು ಅಳಲಿಲ್ಲ, ಬೈಯಲಿಲ್ಲ. ಕೈ ಚಾಚಿ ಬೀಗದ ಕೈ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಒಳಗೆ ಬನ್ನಿ, ಮುಖ ತೊಳ್ಕಳಿ’ ಎಂದರು ಗಂಡನಿಗೆ.

ಮುನಿರಾಜು ಆಗ ಒಂದು ಮಾತು ಹೇಳಬಹುದಿತ್ತು. ‘ಇವರಿಗೇ ಕಣ್ಣು ಕಾಣಲ್ಲ’ ಎಂದಿದ್ದರೆ ಸಾಕಿತ್ತು. ನನ್ನನ್ನು ಒಮ್ಮೆ ನೋಡಿದರು. ಸುಮ್ಮನೆ ಒಳಗೆ ಹೋದರು.

ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆ ಮೌನವನ್ನು ಮನೆಗೆ ಹೊತ್ತು ತಂದೆ. ಮಾರನೆಯ ದಿನ ಎರಡು ಪಾಠಗಳಿದ್ದವು. ಜ್ವರ ಎಂದು ಸುಳ್ಳು ಹೇಳಿದೆ. ಅದರ ಮಾರನೆಯ ದಿನವೂ ಜ್ವರ. ಮೂರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಒಂದು ಡಬ್ಬಿಯೊಳಗೆ ಮುಖ ಇಡಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಿ ಎಂದರು. ಒತ್ತುತ್ತಾ ಹೋದೆ. ನಡುನಡುವೆ ಬಹಳ ಹೊತ್ತು ಚುಕ್ಕಿಯೇ ಬರುತ್ತಿರಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ.

‘ಯಂತ್ರ ಸರಿಯಾಗಿದೆ ಅಮ್ಮ’ ಎಂದರು ಡಾಕ್ಟರು. ಎಡಗಣ್ಣಿನ ಒಳಗಿನ ಒತ್ತಡ ಏರಿ ನರ ಹಾಳಾಗಿದೆಯಂತೆ. ಆ ಕಡೆಯ ಅಂಚು ಹೋಗಿದೆ, ಹೋದದ್ದು ಬರುವುದಿಲ್ಲ. ಇರುವುದನ್ನು ಹನಿಮದ್ದು ಹಾಕಿ ಉಳಿಸಿಕೊಳ್ಳಬೇಕು. ‘ಡ್ರೈವಿಂಗ್ ಮಾಡ್ತೀರಾ?’ ಎಂದು ಕೇಳಿದರು. ‘ಮಾಡ್ತಿದ್ದೆ’ ಎಂದೆ.

ಅಲ್ಲಿಂದ ನೇರವಾಗಿ ಆಟೋ ಹಿಡಿದು ಸಾರಕ್ಕಿಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಇದ್ದರು. ಕಾರಿಗೆ ಬಟ್ಟೆ ಹೊದಿಸಿತ್ತು. ಸ್ಕೂಟರಿನ ವಿಷಯ ಜಯಮ್ಮನವರಿಗೆ ಹೇಳಿದೆ. ಆಮೇಲೆ ಮುನಿರಾಜುವನ್ನು ಕೇಳಿದೆ: ‘ಅವತ್ತೇ ಯಾಕೆ ಹೇಳ್ಲಿಲ್ಲ ನೀವು?’

‘ನೀವೇ ಹೇಳ್ತೀರ ಅಂತ’ ಎಂದರು.

ಜಯಮ್ಮನವರು ಮಜ್ಜಿಗೆ ಕೊಟ್ಟರು. ಆ ಮನೆಯಲ್ಲಿ ನನ್ನ ಮೇಲಿನ ಕೋಪ ಪೂರ್ತಿ ಇಳಿಯಲು ಇನ್ನೂ ಕೆಲವು ತಿಂಗಳು ಬೇಕಾಯಿತು. ಹಸಿರು ಕಾರು ಮಾರಿಹೋಯಿತು. ನನ್ನ ಎರಡು ಬ್ರೇಕಿನ ಕಾರೂ ಹೋಯಿತು. ಬನಶಂಕರಿಯಲ್ಲಿ ಕಲಿಸುವ ನನ್ನ ಹಳೆಯ ಶಿಷ್ಯೆಯೊಬ್ಬಳು ತೆಗೆದುಕೊಂಡಳು.

ಮೊನ್ನೆ ಬೆಳಿಗ್ಗೆ ತಂಗಿಯ ಮಗಳಿಗೆ ಇದಿಷ್ಟನ್ನೂ ಫೋನಿನಲ್ಲಿ ಹೇಳಿ ಮುಗಿಸಿದಾಗ ಕಾಫಿ ಆರಿತ್ತು. ಅಷ್ಟರಲ್ಲಿ ಮುನಿರಾಜುವಿನ ಫೋನು ಬಂತು. ಎಷ್ಟೋ ದಿನದ ಮೇಲೆ.

‘ಮೇಡಂ, ಈ ಭಾನುವಾರ ಮತ್ತೆ ಗಾಡಿ ಸೇರ್ತಾವಂತೆ. ಸುಮ್ನೆ ನಿಂತ್ಕಂಡು ನೋಡ್ಕಂಡು ಬರೋಣ್ವಾ? ತಿಂಡಿ ತಿಂದೇ ಬರ್ತೀನಿ.’

ಹೋದೆವು. ನಾನು ಜಯನಗರದಿಂದ ಬಸ್ಸಿನಲ್ಲಿ, ಅವರು ಮನೆಯಿಂದ ನಡೆದುಕೊಂಡು. ಬೇಲಿಯ ಆಚೆ, ಫೋನು ಎತ್ತಿಕೊಂಡವರ ನಡುವೆ ನಿಂತೆವು. ಜನ ನೂಕುತ್ತಿದ್ದರು. ಎಂಜಿನ್ನುಗಳು ಗುಡುಗಿದಾಗ ಹಿಂದೆ ಸರಿಯೋಣವೆನ್ನಿಸಿತು. ಬಲಕ್ಕೆ ತಿರುಗಿ ನೋಡಿದರೆ, ಅಷ್ಟು ಹೊತ್ತು ಅಲ್ಲೇ ನಿಂತಿದ್ದ ಮುನಿರಾಜು ಇರಲಿಲ್ಲ. ಜನರ ನಡುವೆ ಹುಡುಕಿದೆ.

‘ಇಲ್ಲಿದೀನಿ ಮೇಡಂ’ ಎಂದರು. ನನಗೆ ಕಾಣದ ಎಡಗಡೆಗೆ ಹೋಗಿ, ನನಗೂ ನೂಕುವ ಜನಕ್ಕೂ ನಡುವೆ ಮೊಣಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ‘ಈ ಕಡೆ ನಾನು ನೋಡ್ಕತೀನಿ. ನೀವು ಗಾಡಿ ನೋಡಿ.’